ಅವರು ಎಷ್ಟು ಜನ?

ಆ ಡಾಕ್ಟರನ್ನು ನಾನು ಇವತ್ತಿಗೂ ಬೈಯುತ್ತೇನೆ. ಬೈದು ಮುಗಿಸುವಷ್ಟರಲ್ಲಿ ಬೈಗುಳ ನನ್ನ ಕಡೆಗೇ ತಿರುಗಿರುತ್ತದೆ.

ಅಮ್ಮ ಊಟ, ನಿದ್ದೆ ಎರಡನ್ನೂ ಬಿಟ್ಟಿದ್ದಳು. ಅಡುಗೆಮನೆಯ ಚಿಲಕ ಹಾಕಿಕೊಂಡು ಗಂಟೆಗಟ್ಟಲೆ ಒಳಗೇ ಕೂರುತ್ತಿದ್ದಳು. ಇವಳಿಗೆ ತಲೆ ಕೆಟ್ಟಿದೆ ಎಂದು ಅಪ್ಪ ತೀರ್ಮಾನಿಸಿ, ವಡಾಲದ ಮನೆಯಿಂದ ನಮ್ಮಿಬ್ಬರನ್ನೂ ಟ್ಯಾಕ್ಸಿಯಲ್ಲಿ ಬೈಕುಲ್ಲಾದ ಮನೋವೈದ್ಯರಲ್ಲಿಗೆ ಕರೆತಂದ. ಅಪ್ಪನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ, ಬೇಕೆಂದೇ.

ಡಾಕ್ಟರಿಗೆ ಕನ್ನಡ ಬಾರದು. ಉಡುಪಿ ಕಡೆಯ ಅಮ್ಮನಿಗೆ ಮೂವತ್ತು ವರ್ಷದ ಮುಂಬಯಿ ಕಲಿಸಿದ್ದು ತರಕಾರಿ ಕೊಳ್ಳುವಷ್ಟು ಹಿಂದಿ. ಆಕೆಯ ಮಾತನ್ನು ಹಿಂದಿಗೆ ತಿರುಗಿಸಲು ನಾನು ಒಳಗೆ ಹೋದೆ. ಅಪ್ಪ ಹೊರಗೆ, ಬಾಗಿಲಿಗೆ ಅಂಟಿದಂತಿದ್ದ ಕುರ್ಚಿಯಲ್ಲಿ ಕೂತ. ಆ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ.

ಏನು ತೊಂದರೆ ಎಂದು ಡಾಕ್ಟರು ತಲೆ ಎತ್ತದೆ ಕೇಳಿದರು.

"ಕಿಟಕಿ ಹತ್ರ ನಿಲ್ಬಾರ್ದು ಅಂತ ಅವರು ಹೇಳ್ತಾರೆ," ಅಮ್ಮ ಮೆಲ್ಲಗೆ ಹೇಳಿದಳು. "ಯಾರತ್ರಾನೂ ಮಾತಾಡ್ಬಾರ್ದಂತೆ. ನಾನು ಎಂತ ಮಾಡಿದ್ರೂ ಅವರಿಗೆ ಗೊತ್ತಾಗ್ತದೆ."

ಹೆಂಡತಿಯ ಬಾಯಲ್ಲಿ ಬರುವ 'ಅವರು' ಯಾರೆಂದು ಕನ್ನಡದ ಮಗುವಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವೇ? ಆದರೆ ಹಿಂದಿಯಲ್ಲಿ 'ಪಾಪಾ' ಎಂದುಬಿಟ್ಟರೆ ಬಾಗಿಲಾಚೆ ಕೇಳಿಸುತ್ತಿತ್ತು. ಅಪ್ಪನ ಕೈ ಎಷ್ಟು ಭಾರ ಎಂಬುದೂ ನನಗೆ ಗೊತ್ತಿತ್ತು. ಬಹುವಚನದ ಹಿಂದೆ ಅಡಗಿಕೊಂಡೆ.

"ವೋ ಲೋಗ್ ಬೋಲ್ತೇ ಹೈಂ," ಎಂದೆ. ಆ ಜನ ಹೇಳುತ್ತಾರೆ!

ಡಾಕ್ಟರ ಪೆನ್ನು ಚುರುಕಾಯಿತು. ಎಷ್ಟು ಜನ? "ಒಬ್ರೇ," ಎಂದಳು ಅಮ್ಮ. ಹೆಸರು? ಅಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಗಂಡನ ಹೆಸರನ್ನು ಆಕೆ ಎಂದೂ ಹೇಳಿದವಳಲ್ಲ. ಬ್ಯಾಂಕಿನಲ್ಲಿ ಕೇಳಿದರೂ ನನ್ನ ಮುಖ ನೋಡುತ್ತಿದ್ದಳು. ಹೇಳುವುದಿಲ್ಲವಂತೆ ಎಂದೆ. ಈಗ ಇಲ್ಲಿದ್ದಾರಾ ಎಂದರು ಡಾಕ್ಟರು.

"ಹೊರಗೆ ಕೂತಿದ್ದಾರಲ್ಲ," ಎಂದಳು ಅಮ್ಮ.

ಅದನ್ನೂ ಹಾಗೆಯೇ ಹಿಂದಿಗೆ ತಿರುಗಿಸಿದೆ. ಡಾಕ್ಟರಿಗೆ ರೇಗಿತು. "ಕೋಯೀ ನಹೀಂ ಹೈ! ಯಾರೂ ಇಲ್ಲ, ಎಲ್ಲ ನಿಮ್ಮ ತಲೆಯೊಳಗೆ!" ಎಂದು ಹಿಂದಿಯಲ್ಲೇ ಗದರಿ ಅಪ್ಪನನ್ನು ಒಳಗೆ ಕರೆದರು. ಅಪ್ಪ ಬಂದು ನಿಂತದ್ದೇ ಅಮ್ಮನಿಗೆ ನಗು ಉಕ್ಕಿತು. ನಿಲ್ಲಿಸಲಾರದೆ ನಕ್ಕಳು. ಡಾಕ್ಟರು ಚೀಟಿಯಲ್ಲಿ ಇನ್ನೊಂದು ಮಾತ್ರೆ ಸೇರಿಸಿ, ಅಪ್ಪನ ಕೈಗೆ ಕೊಟ್ಟರು. ಒಬ್ಬಳನ್ನೇ ಬಿಡಬೇಡಿ, ಸದಾ ಕಣ್ಣಿಟ್ಟಿರಿ ಎಂದರು.

ಕಣ್ಣು ಆಗಲೇ ಇತ್ತು. ಹಾಲ್‌ನಲ್ಲಿ ಅಪ್ಪ ಕ್ಯಾಮೆರಾ ಹಾಕಿಸಿದ್ದ. ಸಾಂತಾಕ್ರೂಜ್‌ನ ಹೋಟೆಲಿನ ಗಲ್ಲಾದಲ್ಲಿ ಕೂತು ಫೋನಿನಲ್ಲಿ ಹೆಂಡತಿಯನ್ನು ಕಾಯುತ್ತಿದ್ದ. ಕ್ಯಾಮೆರಾ ಇಲ್ಲದ ಜಾಗವೆಂದರೆ ಅಡುಗೆಮನೆ ಒಂದೇ.

ಹತ್ತು ದಿನ ಅಮ್ಮ ಜೊಲ್ಲು ಸುರಿಸುತ್ತಾ ಮಲಗಿದಳು. "ಈಗ ಮನೆ ಶಾಂತ ಉಂಟು," ಎಂದ ಅಪ್ಪ. ಅದನ್ನು ಕೇಳಿ ಮೈಯೆಲ್ಲ ಉರಿದು, ಮರುದಿನ ಒಬ್ಬಳೇ ಕ್ಲಿನಿಕ್ಕಿಗೆ ನುಗ್ಗಿದೆ. ಅವರು ಅಂದರೆ ನನ್ನಪ್ಪ, ನೀವು ಎಂಥ ಡಾಕ್ಟರು ಎಂದು ಕೂಗಾಡಿದೆ.

ಡಾಕ್ಟರು ಫೈಲನ್ನು ನನ್ನ ಮುಂದೆ ತಳ್ಳಿದರು. "ಲೋಗ್ ಅಂದದ್ದು ಯಾರು? ನಾನಾ, ನೀನಾ?" ಅಲ್ಲಿ ಬರೆದಿತ್ತು: ಹೇಳಿದವರು, ಮಗಳು. ನಾನೇ, ಎಂದೆ. ಆಮೇಲೆ ಅವರೂ ಸ್ವಲ್ಪ ತಗ್ಗಿ, ಮಾತ್ರೆ ಇಳಿಸುವ ಕ್ರಮ ಬರೆದುಕೊಟ್ಟು, ಗಂಡನಿಲ್ಲದೆ ಕರೆದುಕೊಂಡು ಬಾ ಎಂದರು.

ಅಪ್ಪ ಹೋಟೆಲಿಗೆ ಹೋದ ಮೇಲೆ ಕ್ಯಾಮೆರಾದ ವಯರ್ ಕಿತ್ತು, ಅಮ್ಮನನ್ನು ಕರೆದೊಯ್ದೆ. ನಾನು ಪಕ್ಕದಲ್ಲಿ ಕೂರಲು ಹೋದಾಗ ಆಕೆ ಕೈ ಅಡ್ಡ ಹಿಡಿದಳು.

"ಯೇ ಲಡ್ಕೀ ಬಾಹರ್," ಎಂದಳು ಡಾಕ್ಟರಿಗೆ. ಈ ಹುಡುಗಿ ಹೊರಗೆ.

ಹೊರಗೆ ಇದ್ದದ್ದು ಆ ಒಂದೇ ಕುರ್ಚಿ, ಅಪ್ಪ ಕೂತಿದ್ದದ್ದು. ಕೂತೆ. ಮುಚ್ಚದ ಬಾಗಿಲ ಸಂದಿಯಿಂದ ಡಾಕ್ಟರ ಪ್ರಶ್ನೆ ಕೇಳಿಸಿತು: ಹೆಸರು?

ಅಮ್ಮ ಅಪ್ಪನ ಹೆಸರನ್ನು ಇನಿಷಿಯಲ್ ಸಮೇತ, ಗಟ್ಟಿಯಾಗಿ ಹೇಳಿದಳು.