ಎತ್ತು ಯಾಕೆ ಸತ್ತಿತು?

ನಮ್ಮ ಮಾಸ್ತರರ ಬಲಗಿವಿಯ ಮೇಲೆ ಯಾವಾಗಲೂ ಸೀಮೆಸುಣ್ಣದ ತುಂಡೊಂದು ಕೂತಿರುತ್ತಿತ್ತು. ಅದರ ಪುಡಿಗೆ ಆ ಬದಿಯ ಕೂದಲಷ್ಟೇ ಬೆಳ್ಳಗಾಗಿತ್ತು. ಸಿಂದಗಿ ಕಡೆಯವರು. ಅರವತ್ತರ ದಶಕದ ಆರಂಭದಲ್ಲಿ ಬಿ.ಎ. ಮೊದಲ ವರ್ಷದ ನಮಗೆ ವಿಜ್ಞಾನದ ತತ್ತ್ವಶಾಸ್ತ್ರ ಕಲಿಸುತ್ತಿದ್ದರು. ಪುಸ್ತಕ ಇಂಗ್ಲಿಷಿನದು, ಪಾಠ ಮಾತ್ರ ಅಪ್ಪಟ ಸಿಂದಗಿಯದು. ಯಾರಾದರೂ "ಅದಕ್ಕ ಹಿಂಗಾತ್ರಿ" ಅಂದರೆ ಸಾಕು, "ನೀ ಹೇಳೂದು ಸುಳ್ಳಾಗಿದ್ರ ಹೆಂಗ ಗೊತ್ತಾಗ್ತಿತ್ತು?" ಎಂದು ಹಿಡಿದುಕೊಳ್ಳುವರು. ಉತ್ತರ ಬರುವತನಕ ಬಿಡುವ ಆಸಾಮಿಯಲ್ಲ.

ಆ ವರ್ಷ ಮುದ್ದೇಬಿಹಾಳದಿಂದ ನಮ್ಮ ಬಾಗೇವಾಡಿಯ ಮನೆಗೆ ಅತ್ತಿಗೆ ಬಂದರು. ಬಂದ ವಾರದಲ್ಲೇ ಜೋಡೆತ್ತಿನಲ್ಲೊಂದು ಸತ್ತಿತು. ಸೊಸೆಯ ಕಾಲ್ಗುಣ ಸರಿಯಿಲ್ಲವೆಂದು ಓಣಿ ಆಡಿತು, ಅವ್ವ ನಂಬಿದಳು. ಅಮಾವಾಸ್ಯೆ ಕಳೆದ ಮೇಲೆ ತವರಿಗೆ ಕಳಿಸುವುದು, ಮತ್ತೆ ಕರೆಯದಿರುವುದು ಎಂದು ತೀರ್ಮಾನವಾಯಿತು. ಬಟ್ಟೆಗಂಟೂ ಕಟ್ಟಿಯಾಯಿತು. ಅಣ್ಣ ತುಟಿ ಬಿಚ್ಚಲಿಲ್ಲ. ಅವ್ವನೆದುರು ಅವನೆಂದೂ ಬಿಚ್ಚಿದವನಲ್ಲ.

ಕ್ಲಾಸಿನಲ್ಲಿ ನಾನಿದನ್ನು ಹೇಳಿದಾಗ ಹುಡುಗರು ನಕ್ಕರು. ಮಾಸ್ತರರು ನಗಲಿಲ್ಲ. "ಓಣ್ಯಾಗ ಮತ್ಯಾರ ಮನ್ಯಾಗ ಎತ್ತು ಸತ್ತಾವು, ಕೇಳಿ ಬಾ. ಅಲ್ಲೂ ಹೊಸ ಸೊಸಿ ಬಂದಿದ್ಲೇನು ನೋಡು," ಎಂದರು.

ಶನಿವಾರ ಊರಿಗೆ ಹೋಗಿ ಮನೆಮನೆ ತಿರುಗಿದೆ. ಸೊಸೆಯೇ ಬಾರದ ಮನೆಗಳಲ್ಲೂ ಎತ್ತು ಸತ್ತಿದ್ದವು. ಅವ್ವನಿಗೆ ಹೇಳಿದರೆ, "ನಾಕ ಅಕ್ಷರ ಕಲ್ತು ನನಗ ಬುದ್ಧಿ ಹೇಳಾಕ ಬಂದಿಯೇನು?" ಎಂದು ಮುಖ ತಿರುಗಿಸಿದಳು.

ಮರುವಾರ ಇದನ್ನು ನನ್ನಿಂದ ಕೇಳಿ ಮಾಸ್ತರರೇ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಅವ್ವ ಚಹಾ ಕೊಟ್ಟಳು, ಆದರೆ ಸೋಲಲು ತಯಾರಿರಲಿಲ್ಲ.

"ಹಂಗಾದ್ರ ನಮ್ಮ ಎತ್ತು ಯಾಕ ಸತ್ತಿತು, ನೀವ ಹೇಳ್ರಿ."

"ನನಗ ಗೊತ್ತಿಲ್ರಿ, ಅವ್ವಾರ."

ಅವ್ವ ಬೆರಗಾದಳು. ಕೋಟು ಹಾಕಿದವರು ಗೊತ್ತಿಲ್ಲ ಎಂದದ್ದನ್ನು ಅವಳು ಅದುವರೆಗೆ ಕೇಳಿರಲೇ ಇಲ್ಲ.

"ನಿಮಗೂ ಗೊತ್ತಿಲ್ಲ," ಎಂದರು ಮಾಸ್ತರರು. "ಇಬ್ಬರಿಗೂ ಗೊತ್ತಿಲ್ಲದ್ದಕ್ಕ ಆ ಹುಡುಗಿ ಯಾಕ ಮನಿ ಬಿಡಬೇಕ್ರಿ?"

ಅವ್ವ ಚಹಾದ ಖಾಲಿ ಲೋಟ ಎತ್ತಿಕೊಂಡಳು. ಆಮೇಲೆ ಒಳಗೆ ತಿರುಗಿ, "ಏ ಹುಡುಗಿ, ಆ ಗಂಟು ಬಿಚ್ಚಿಡು. ಮಾಸ್ತರರಿಗೆ ಬಿಸಿ ರೊಟ್ಟಿ ಬಡಿ," ಎಂದಳು.

ಆ ವಿಷಯದಲ್ಲಿ ನನಗೆ ಬಿದ್ದ ಅಂಕ ಅಷ್ಟಕ್ಕಷ್ಟೇ. ಆದರೂ ವಿಷಯ ಕಲಿತೆ, ಅದರಲ್ಲಿ ಸಂಶಯವಿಲ್ಲ. ಮುಂದೆ ಇಂಡಿ ಊರಲ್ಲಿ ನಾನೂ ಮಾಸ್ತರಿಕೆ ಮಾಡಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನಲು ಹುಡುಗರೆದುರು ಎಂದೂ ನಾಚಲಿಲ್ಲ. ಅದು ಮಾಸ್ತರರ ಋಣ.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಊರಲ್ಲೇ ಇದ್ದೆ. ಮಾಸ್ತರರ ಪಾಠವನ್ನು ಅತ್ತಿಗೆ ಒಂದು ದಿನವೂ ಕೇಳಿದವರಲ್ಲ. ಆದರೂ ಅಂದು ಒಲೆ ಹೊತ್ತಿಸಲಿಲ್ಲ. ಅವ್ವ ಯಾಕೆಂದು ಕೇಳಲಿಲ್ಲ.