ಅತ್ತೆಯ ಹಿಂದೆ ಹೊರಟ ಹುಡುಗಿಯರು

ಹೊಸದುರ್ಗದಲ್ಲಿ ಅರಳೆ ವ್ಯಾಪಾರ ಮಾಡುತ್ತಿದ್ದ ನಮ್ಮ ಯಜಮಾನರು ಚಿತ್ರದುರ್ಗದ ಪೇಟೆಯಲ್ಲಿ ಅಂಗಡಿ ಹಿಡಿದಾಗ ನಮ್ಮ ಮಗಳಿಗೆ ಎಂಟು ವರ್ಷ, ಮಗನಿಗೆ ಐದು. ಹೊಳಲ್ಕೆರೆಯ ಮೇಲೆ ಗಾಡಿ ಕಟ್ಟಿಕೊಂಡು ಬಂದು, ಮೊದಲು ಅಂಗಡಿಯ ಹಿಂದಿನ ಕೋಣೆಯಲ್ಲೇ ಇಳಿದುಕೊಂಡೆವು. ಅರಳೆ ಮೂಟೆಗಳ ಮೇಲೆ ಮಕ್ಕಳು ಕುಣಿದು ಕುಪ್ಪಳಿಸಿ, ಮೂರನೆಯ ದಿನಕ್ಕೆ ಯಜಮಾನರ ತಾಳ್ಮೆ ಮುಗಿಯಿತು.

"ಅವ್ವ, ಮನೆ ಯಾವ್ದು, ಸಾಲೆ ಯಾವ್ದು, ನೀನು ನಿನ್ ಸೊಸೆ ಸೇರಿ ನೋಡ್ರಿ. ನಂಗೆ ಅಂಗಡಿ ಐತೆ" ಎಂದು ತಮ್ಮ ತಾಯಿಗೆ ಹೇಳಿ ಕೈ ತೊಳೆದುಕೊಂಡರು.

ಮನೆ ಹುಡುಕುವುದರಲ್ಲಿ ನಮ್ಮತ್ತೆಯದು ಒಂದೇ ಪರೀಕ್ಷೆ. ಸೆರಗಿನಲ್ಲಿ ತೊಗರಿಬೇಳೆ ಕಟ್ಟಿಕೊಂಡು ಹೋಗುವರು. ಮನೆ ತೋರಿಸಿದವರ ಒಲೆಯಲ್ಲೇ ಆ ಕೇರಿಯ ಬಾವಿ ನೀರಿಟ್ಟು ಬೇಳೆ ಬೇಯಿಸುವರು. ಎಷ್ಟು ಹೊತ್ತಾದರೂ ಬೇಳೆ ಕಲ್ಲಿನಂತೆಯೇ ಉಳಿದರೆ, "ಉಪ್ಪುನೀರು. ಈ ಕೇರಿ ಬ್ಯಾಡ" ಎಂದು ಎದ್ದುಬಿಡುವರು. ಗೋಡೆ ಹೇಗಿದೆ, ಸೂರು ಹೇಗಿದೆ ಎಂದು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಗುರುತಿಲ್ಲದವರ ಒಲೆಯ ಮುಂದೆ ಅತ್ತೆ ಊದುಗೊಳವೆ ಹಿಡಿದು ಕೂತರೆ ನನಗೆ ನಾಚಿಕೆಯಿಂದ ತಲೆ ಎತ್ತಲಾಗುತ್ತಿರಲಿಲ್ಲ. ಆ ಮನೆಯವರೋ ನಕ್ಕು, ಮಕ್ಕಳ ಕೈಗೆ ಬೆಲ್ಲ ಕೊಡುತ್ತಿದ್ದರು.

ಕೊನೆಗೆ ಕೋಟೆಗೋಡೆಯ ಪಕ್ಕದ ಕೇರಿಯಲ್ಲಿ ಬೇಳೆ ಬೆಣ್ಣೆಯಂತೆ ಬೆಂದಿತು. ಅತ್ತೆ ಅಲ್ಲೇ ಗಟ್ಟಿ ಮಾಡಿದರು. ಮಗನನ್ನು ಶಾಲೆಗೆ ಸೇರಿಸುವುದಕ್ಕೂ ಹೆಚ್ಚು ತೊಡಕಾಗಲಿಲ್ಲ. ಹತ್ತಿರದಲ್ಲೇ ಅಯ್ಯನವರೊಬ್ಬರು ಹುಡುಗರಿಗೆ ಅಕ್ಷರ ಕಲಿಸುವ ಕೂಲಿಮಠವಿತ್ತು. ತಪ್ಪು ಮಾಡಿದ ಹುಡುಗರನ್ನು ಜೋತಾಡಿಸಲು ತೊಲೆಗೆ ಕಟ್ಟಿದ್ದ ಹಗ್ಗವನ್ನು ನೋಡಿ ನಮ್ಮ ಹುಡುಗ ಅಜ್ಜಿಯ ಸೆರಗು ಹಿಡಿದು ಕಿರುಚಿದ ಚೀರಾಟಕ್ಕೆ ಅಯ್ಯನವರೇ ಹೆದರಿದರು. ಮಾರನೆಯ ದಿನ ಅವನನ್ನು ಮುಂದಿನ ಬೀದಿಯ ಸರ್ಕಾರಿ ಶಾಲೆಗೆ ಸೇರಿಸಿದೆವು.

ಉಳಿದವಳು ಮಗಳು. ಹುಡುಗಿಯರ ಶಾಲೆ ಇದ್ದದ್ದು ಊರಿನ ಆ ತುದಿಯಲ್ಲಿ, ಸಂತೆ ಮೈದಾನದ ಆಚೆಗೆ. ದೂರದ ಹುಡುಗಿಯರನ್ನು ಮನೆಮನೆಯಿಂದ ಕರೆದೊಯ್ಯಲು ಶಾಲೆಯವರು ಒಬ್ಬ ಹೆಂಗಸನ್ನು ಇಟ್ಟಿದ್ದರು. ಆಕೆಯನ್ನು ಕೇಳಿದರೆ, "ಕೋಟೆ ಕೇರಿಗಾ? ಒಂದ್ ಹುಡ್ಗಿಗೋಸ್ಕರ ಅಷ್ಟು ದೂರ ನಾ ಬರಾಕಿಲ್ಲಮ್ಮ" ಎಂದುಬಿಟ್ಟಳು.

"ಮತ್ತೆ ಬುಡು. ಮನ್ಯಾಗೆ ಇರ್ಲಿ" ಎಂದರು ಅತ್ತೆ.

ನನ್ನ ತವರಿನಲ್ಲಿ ಅಣ್ಣ ಓದಿಕೊಳ್ಳುವಾಗ ಬಾಗಿಲ ಸಂದಿಯಲ್ಲಿ ನಿಂತು ಅರ್ಧಂಬರ್ಧ ಅಕ್ಷರ ಕಲಿತವಳು ನಾನು. ಆ ಅರ್ಧದ ಹಸಿವು ನನ್ನಲ್ಲಿ ಹಾಗೇ ಇತ್ತು. ಎದುರು ಮಾತಾಡಿ ಅಭ್ಯಾಸವಿಲ್ಲದಿದ್ದರೂ ಅಂದು ಹೇಳಿದೆ: "ಅತ್ತೆ, ನೀವು ನೀರು ನೋಡಿ ಮನೆ ಆರಿಸಿದ್ರಿ. ಸಾಲೇನೂ ಒಂದ್ಸಲ ನೋಡಿ ಆಮ್ಯಾಲೆ ಬ್ಯಾಡ ಅನ್ರಿ."

ಅವರು ನನ್ನನ್ನು ಒಂದು ಗಳಿಗೆ ದಿಟ್ಟಿಸಿ, "ನಡಿ, ಹೋಗಾಣ" ಎಂದರು.

ಶಾಲೆಯಲ್ಲಿ ಬಿಳಿ ಸೀರೆಯ, ನಡುವಯಸ್ಸಿನ ಮೇಡಂ ಒಬ್ಬರಿದ್ದರು. ಚಾಪೆ ಹಾಸಿ, "ಕುಂತ್ಕಳ್ರಿ" ಎಂದು ಅತ್ತೆಗೆ ಹೇಳಿ, ನನ್ನ ಮಗಳನ್ನು ಕೇಳಿದರು: "ನಿಂಗೆ ಏನು ಬರುತ್ತೆ ಹೇಳು ನೋಡಾಣ." ಅವಳು ಹಿಂದುಮುಂದು ನೋಡದೆ, ಬೆಳಗಿನ ಪೂಜೆಯ ಹೊತ್ತಿಗೆ ಅಜ್ಜಿ ಹೇಳಿಕೊಟ್ಟಿದ್ದ ಶಿವನ ಪದವನ್ನು ಒಂದೇ ಉಸಿರಿಗೆ ಒದರಿದಳು. ಮೇಡಂ ಅದರ ಮೊದಲ ಸಾಲನ್ನು ಹಲಗೆಯ ಮೇಲೆ ಬರೆದು, "ನೀನು ಹೇಳಿದ್ದು ಇದು" ಎಂದು ತೋರಿಸಿದರು.

ಅತ್ತೆ ಎದ್ದು ಹಲಗೆಯ ಹತ್ತಿರ ಹೋದರು. ಬಹಳ ಹೊತ್ತು ನೋಡಿದರು.

"ನಾನು ಹೇಳ್ಕೊಟ್ಟಿದ್ದು ನೋಡಾಕೆ ಹಿಂಗೈತಾ?" ಎಂದು ಕೇಳಿದರು.

"ಹೂನ್ರಮ್ಮ."

ಹೊರಗೆ ಬಂದು ಸಂತೆ ಮೈದಾನ ದಾಟಿದೊಡನೆ ಅತ್ತೆ ನನ್ನತ್ತ ತಿರುಗಿ, "ಆ ಹೆಂಗಸು ಬರದಿದ್ರೆ ಏನಾತು? ನಂಗೇನು ಕಾಲಿಲ್ವಾ?" ಎಂದರು. ನಾನು ಮುಖ ತಿರುಗಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ನಗುವೂ ಬಂದಿತ್ತು, ಅಳುವೂ ಬಂದಿತ್ತು.

ಮರುದಿನದಿಂದ ಅತ್ತೆ ಮೊಮ್ಮಗಳ ಕೈ ಹಿಡಿದು ಹೊರಟರು. ಸಂತೆಯ ದಿನ ಗಾಡಿಗಳು ಅಡ್ಡ ಬಂದರೆ, "ಲೇ, ಎತ್ತು ಹಿಡ್ಕಳ್ಳೋ! ಮಕ್ಕಳು ಹೊಂಟವೆ, ಕಣ್ ಕಾಣಲ್ವಾ?" ಎಂದು ಅತ್ತೆ ಕೂಗುವ ಕೂಗಿಗೆ ಇಡೀ ಮೈದಾನ ತಿರುಗಿ ನೋಡುತ್ತಿತ್ತು. ಒಂದು ವಾರದ ಮೇಲೆ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ಕೇಳಿದಳು: "ಅಜ್ಜಿ, ಹೆಂಗೂ ಹೋಗ್ತೀರಲ್ಲ, ನಮ್ ಹುಡ್ಗೀನೂ ಕರ್ಕಂಡೋಗ್ರಿ." ಆಮೇಲೆ ಕುರಿ ಸಾಕುವ ಮನೆಯವರು ತಮ್ಮ ಇಬ್ಬರು ಹುಡುಗಿಯರನ್ನು ಕಳಿಸಿದರು. ಅತ್ತೆಗೆ ಅವರೂ ಒಂದೇ, ನಮ್ಮವಳೂ ಒಂದೇ. ಜಡೆ ಕೆದರಿದ್ದರೆ ಬೀದಿಯಲ್ಲೇ ನಿಲ್ಲಿಸಿ ಹೆಣೆಯುವರು, ಮೂಗು ಸೋರಿದ್ದರೆ ತಮ್ಮ ಸೆರಗಿನಲ್ಲೇ ಒರೆಸುವರು. ಬೇಸಿಗೆ ಬರುವಷ್ಟರಲ್ಲಿ ಅತ್ತೆಯ ಹಿಂದೆ ಉದ್ದದೊಂದು ಸಾಲೇ ಆಯಿತು. ಪದ ಹೇಳಿಕೊಂಡು, ಜಗಳವಾಡಿಕೊಂಡು, ಹುಣಿಸೆಕಾಯಿ ಚೀಪಿಕೊಂಡು ಆ ಸಾಲು ಪೇಟೆಯಲ್ಲಿ ಹಾದರೆ ಅಂಗಡಿಯವರು ಎದ್ದುನಿಂತು ದಾರಿ ಬಿಡುತ್ತಿದ್ದರು.

ಎರಡು ವರ್ಷ ಕಳೆದ ಮೇಲೆ ವ್ಯಾಪಾರ ಕುದುರಿತು. ಅಂಗಡಿಯ ಪಕ್ಕದಲ್ಲೇ ಒಂದು ದೊಡ್ಡ ಮನೆ ಖಾಲಿಯಾಯಿತೆಂದು ಯಜಮಾನರು ಸಂತೋಷದಿಂದ ಬಂದು ಹೇಳಿದರು. ಸುದ್ದಿ ಹೇಗೆ ಹೊರಬಿತ್ತೋ, ಸಂಜೆಯ ಹೊತ್ತಿಗೆ ಕೇರಿಯ ಹೆಂಗಸರೆಲ್ಲ ನಮ್ಮ ಜಗಲಿಯ ಮೇಲೆ ಬಂದು ಕೂತರು.

"ಏನಪ್ಪ, ಅಜ್ಜೀನ ಕರ್ಕಂಡು ಹೋಗ್ತೀಯಂತೆ? ನಮ್ ಹುಡ್ಗೀರ್ನ ಯಾರು ಸಾಲೆಗೆ ಬುಡ್ತಾರೆ?" ಎಂದು ಅವರಲ್ಲಿ ಹಿರಿಯಳೊಬ್ಬಳು ಯಜಮಾನರನ್ನೇ ಕೇಳಿದಳು.

ಯಜಮಾನರು ತಾಯಿಯ ಮುಖ ನೋಡಿದರು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ತಲೆ ಎತ್ತದೆ, "ನೀನು ಬೇಕಾದ್ರೆ ಅಂಗಡಿ ಹಿಂದೆ ಮಲಿಕ್ಕಾ. ಬುತ್ತಿ ಕಳಿಸ್ತೀವಿ" ಎಂದರು.

ಜಗಲಿಯೆಲ್ಲ ನಕ್ಕಿತು. ಯಜಮಾನರೂ ನಕ್ಕರು. ನಾವು ಆ ಕೇರಿ ಬಿಟ್ಟು ಕದಲಲಿಲ್ಲ.