ದೇವರ ದನಕ್ಕೆ ಬಿಟ್ಟ ದಾರಿ

ಅಳಗಮ್ಮಾಳ್ ತೋಟಕ್ಕೆ ಹೋಗುವುದನ್ನು ಊರಲ್ಲಿ ಯಾರೂ ಪ್ರಯಾಣ ಅಂತ ಎಣಿಸಿದ್ದೇ ಇಲ್ಲ. ಬಾಗಿಲು ದಾಟಿ, ಪಿಳ್ಳೆಯಾರ್ ಗುಡಿ ಬಳಸಿ, ತೇವಾರಂ ರಸ್ತೆಗೆ ಅಡ್ಡ ಹಾಯ್ದರೆ ತೆಂಗಿನ ತೋಟ, ಅದರೊಳಗೆ ಅವಳ ಹಸುವಿನ ಕೊಟ್ಟಿಗೆ. ಬೆಳಿಗ್ಗೆ ಹಾಲು ಕರೆಯೋಕೆ ಒಂದು ಸಲ, ಮಧ್ಯಾಹ್ನ ನೀರಿಡೋಕೆ ಒಂದು ಸಲ, ಸಂಜೆ ಮತ್ತೆ ಒಂದು ಸಲ. ಮದುವೆಯಾಗಿ ಬಂದಾಗಿನಿಂದ ಹೀಗೇ. ಬಸ್ಸಿಗೆ ಕಾದವಳಲ್ಲ, ಯಾರ ಗಾಡಿಯ ಹಿಂದೆಯೂ ಕೂತವಳಲ್ಲ.

ಆ ರಸ್ತೆಯನ್ನು ಅಗಲ ಮಾಡಿದರು. ನಡುವೆ ಸಿಮೆಂಟು ಕಟ್ಟೆ ಬಂತು. ಅಳಗಮ್ಮಾಳ್ ಸೀರೆ ಎತ್ತಿಕಟ್ಟಿ, ಹಾಲಿನ ಕ್ಯಾನು ಮೊದಲು ಆಚೆ ಇಟ್ಟು, ಆಮೇಲೆ ತಾನು ಹತ್ತಿ ಇಳಿಯುತ್ತಿದ್ದಳು. ಮಧುರೆಯಲ್ಲಿ ಓದಿ ಬೆಳೆದ ಸೊಸೆ ಸುಗನ್ಯಾ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಮಾಳಿಗೆ ಮೇಲೆ ನಿಂತು ನೋಡುವಳು. ಅತ್ತೆ ಆಚೆ ಮುಟ್ಟುವತನಕ ಅವಳು ಕೆಳಗಿಳಿಯುತ್ತಿರಲಿಲ್ಲ.

ಒಂದು ದಿನ ಕುಲದ ದೇವರ ದನಗಳಲ್ಲೊಂದು ಲಾರಿಗೆ ಸಿಕ್ಕಿತು. ಅವು ಯಾರ ಮನೆಯವೂ ಅಲ್ಲ. ಹರಕೆಗೆ ಬಿಟ್ಟವು, ಹಾಲು ಕರೆಯುವಂತಿಲ್ಲ, ಹೊಡೆಯುವಂತಿಲ್ಲ. ಊರೇ ಉಣ್ಣದೆ ಕೂತಿತು. ಕುಲದ ಹಿರಿಯ ರಾಜೇಂದ್ರನ್ ನಾಲ್ಕು ಜನರನ್ನು ಕಾರಲ್ಲಿ ತುಂಬಿಕೊಂಡು ಹೋಗಿ ರಸ್ತೆ ಇಲಾಖೆಯವರನ್ನು ಕಂಡು ಬಂದ. ಅಳಗಮ್ಮಾಳ್ ಮಗ ಧನಪಾಲನೂ ಆ ಕಾರಲ್ಲಿದ್ದ. ಕೇಳಿದ್ದೆಲ್ಲ ಸಿಕ್ಕಿತು: ನಡುಗಟ್ಟೆಯ ಮೇಲೆ ಊರುದ್ದಕ್ಕೂ ಆಳೆತ್ತರದ ಕಬ್ಬಿಣದ ಬೇಲಿ, ದನ ಹಾಯುವ ಜಾಗದಲ್ಲಿ ಒಂದು ಗೇಟು. ಬೆಳಿಗ್ಗೆ ಮಂದೆ ಬೆಟ್ಟಕ್ಕೆ ಹೊರಟಾಗ ತೆಗೆಯೋದು, ಸಂಜೆ ತಿರುಗಿದಾಗ ತೆಗೆಯೋದು, ಮಿಕ್ಕ ಹೊತ್ತು ಬೀಗ. ನಡೆದು ಹೋಗುವವರ ಮಾತು ಆ ಕಾರಲ್ಲಿ ಯಾರ ಬಾಯಿಗೂ ಬರಲಿಲ್ಲ.

ಈಗ ತೋಟಕ್ಕೆ ಹೋಗಬೇಕಾದರೆ ಊರ ತುದಿಯವರೆಗೆ ನಡೆದು, ಗಾಡಿಗಳು ತಿರುಗುವ ಕಡೆ ದಾಟಿ, ಅಷ್ಟೇ ದೂರ ವಾಪಸು ಬರಬೇಕು. ಸುಗನ್ಯಾ ಒಂದು ದಿನ ಅತ್ತೆಯ ಜೊತೆಗೆ ಹೊರಟಳು. ನಡೆಯೋಕೆ ಅಂತ ಅಲ್ಲಿ ಜಾಗವೇ ಇಲ್ಲ. ಬಿಳಿ ಗೆರೆಯ ಈಚೆ ಮರಳು, ಮೋರಿಯ ಬಾಯಿ, ನಿಂತ ಲಾರಿಗಳು. ಲಾರಿ ಬಳಸಬೇಕಾದರೆ ರಸ್ತೆಗೇ ಇಳಿಯಬೇಕು. ಹಿಂದಿನಿಂದ ಬಂದ ಬಸ್ಸು ಹಾರನ್ ಹೊಡೆದ ರಭಸಕ್ಕೆ ಮಗು ಚೀರಿತು.

"ನಾಳೆಯಿಂದ ಬೇಡ ಅತ್ತೆ."

"ಹಸು ಕೇಳುತ್ತಾ ಕಣ್ಣಮ್ಮಾ, ಬೇಡ ಅಂದರೆ?"

ಧನಪಾಲ್ ರಾತ್ರಿ ಊಟಕ್ಕೆ ಕೂತು, "ಮಾರಿಬಿಡೋಣವ್ವಾ. ಅಂಗಡಿ ಬಿಟ್ಟು ದಿನಾ ಮೂರು ಸಲ ನಿನ್ನ ಕೂರಿಸ್ಕೊಂಡು ಹೋಗೋಕಾಗುತ್ತಾ?" ಅಂದ.

"ಕೂರಿಸ್ಕೊಂಡು ಹೋಗು ಅಂತ ಕೇಳಿದವರಾರು?" ಅಂದಳು ಅಳಗಮ್ಮಾಳ್. "ಬೇಲಿ ಕೇಳೋಕೆ ಹೋದೋನು ನೀನು."

ಸುಗನ್ಯಾ ಮಾರನೆಯ ದಿನವೇ ರಾಜೇಂದ್ರನ್ ಮನೆ ತಿಣ್ಣೆಯ ಮುಂದೆ ನಿಂತಳು.

"ಮಾಮಾ, ಆ ಗೇಟಿನ ಪಕ್ಕ ಒಬ್ಬರು ನುಸುಳುವಷ್ಟು ಸಂದು ಬಿಡಿಸಿ. ಲಾರಿಗಳು ನಿಧಾನ ಹೋಗೋ ಹಾಗೆ ಒಂದು ಉಬ್ಬು ಹಾಕಿಸಿ. ಅಷ್ಟು ಸಾಕು."

"ಅದು ದೇವರ ದನದ ದಾರಿ, ತಾಯೀ. ಇವತ್ತು ನಿಮ್ಮತ್ತೆಗೆ ಬಿಟ್ಟರೆ ನಾಳೆ ಊರೆಲ್ಲ ಕೇಳುತ್ತೆ."

"ಕೇಳಲಿ ಮಾಮಾ! ಊರಿಗೆಲ್ಲ ಕಾಲಿದೆಯಲ್ಲ!"

ರಾಜೇಂದ್ರನ್ ನಕ್ಕ. "ಸಿಟಿಯಲ್ಲಿ ಓದಿದವಳು, ಸ್ಕೂಟಿ ಓಡಿಸ್ತೀಯ. ನೀನೇ ಹಿಂದೆ ಕೂರಿಸ್ಕೊಂಡು ಹೋಗು. ಈ ಕಾಲದಲ್ಲಿ ನಡೆಯೋರು ಯಾರಮ್ಮಾ?"

ಸುಗನ್ಯಾ ರಸ್ತೆ ಕಡೆ ತಿರುಗಿ ನಡೆದಳು. ನಡೆಯುವವರು ಯಾರು? ಶಾಲೆ ಮಕ್ಕಳು, ಹೂ ಮಾರುವವರು, ಸೈಕಲ್ ತಳ್ಳಿಕೊಂಡು ಗಿರಣಿಗೆ ಹೋಗುವವರು. ಬೇಲಿಯುದ್ದಕ್ಕೂ ಸಂದು ಹುಡುಕುತ್ತ ಅಲೆಯುವ ಅವರೆಲ್ಲ ಇವನ ಕಾರಿನ ಗಾಜಿಗೆ ಕಾಣುವುದೇ ಇಲ್ಲ.

ಅಳಗಮ್ಮಾಳ್ ಮಂದೆಯ ಜೊತೆ ದಾಟಿ ನೋಡಿದಳು. ಬೆಳಿಗ್ಗೆ ಹೋದವಳು ಸಂಜೆಯವರೆಗೆ ಆಚೆಯೇ. ಅಷ್ಟು ಹೊತ್ತಿಗೆ ಹಾಲು ಡಿಪೋ ಮುಚ್ಚಿರುತ್ತಿತ್ತು. ಬೆಳಗಿನ ಹಾಲು ಒಡೆದು ಹೋಗುತ್ತಿತ್ತು. ಈಚೆಯಿಂದ ಸುಗನ್ಯಾ "ಉಂಡಿರಾ ಅತ್ತೆ?" ಅಂತ ಕೂಗಿದರೆ ಲಾರಿ ಸದ್ದಲ್ಲಿ ಏನೂ ಕೇಳದೆ ಅವಳು ಸುಮ್ಮನೆ ಕೈಯಾಡಿಸುವಳು. ಮೊಮ್ಮಗಳು ಆಚೆ ಅಜ್ಜಿಯನ್ನು ಕಂಡು ಅಪ್ಪತ್ತಾ ಅಂತ ರಸ್ತೆ ಕಡೆ ಓಡಿದ ದಿನ ಅದೂ ಮುಗಿಯಿತು.

"ಮಾರಬೇಡ," ಅಂದಳು ಮಗನಿಗೆ. "ದೇವರಿಗೆ ಬಿಡ್ತೀನಿ. ಅದಕ್ಕಾದರೂ ದಾರಿ ಸಿಕ್ಕಲಿ."

ಶುಕ್ರವಾರ ಸಂಜೆ ತೋಟದಲ್ಲೇ ಹಸುವಿಗೆ ಅರಿಶಿನ ಹಚ್ಚಿ, ಕೊರಳಿಗೆ ಹೂ ಹಾಕಿ, ಬೆಟ್ಟದಿಂದ ತಿರುಗಿದ ಮಂದೆಗೆ ಸೇರಿಸಿದರು. ಗೇಟು ತೆರೆಯಿತು. ಎರಡೂ ಕಡೆ ಲಾರಿಗಳು ನಿಂತವು. ಒಬ್ಬ ಡ್ರೈವರು ಕೆಳಗಿಳಿದು ಕೈಮುಗಿದ. ಹಸು ಮಂದೆಯ ನಡುವೆ ಆರಾಮಾಗಿ ಈಚೆಗೆ ದಾಟಿಬಂತು.

"ಎಂಥ ಭಕ್ತಿ ನಿಮ್ಮತ್ತೇದು!" ಅಂದ ರಾಜೇಂದ್ರನ್.

ಸುಗನ್ಯಾ ಬಾಯಿ ತೆರೆಯುವಷ್ಟರಲ್ಲಿ ಅಳಗಮ್ಮಾಳೇ ಅಂದಳು: "ಭಕ್ತಿ ಅಲ್ಲಯ್ಯಾ. ಬೇಲಿ."

ರಾಜೇಂದ್ರನ್‌ಗೆ ಕೇಳಲಿಲ್ಲ. ಅವನು ಗೇಟಿಗೆ ಬೀಗ ಹಾಕಿಸಿ, ಲಾರಿಗಳಿಗೆ ಹೊರಡಿ ಹೊರಡಿ ಅಂತ ಕೈ ಬೀಸುತ್ತಿದ್ದ.